ಉಲ್ಟಾ ಕೂಡಿಸಿದ ಫ್ಯಾನು

ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದ ಕೂಡಲೇ ಮೂಗಿಗೆ ಬಂದದ್ದು ವಾರ್ನಿಷಿನ ವಾಸನೆ. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿದ ಮೇಲೆ ಹೊಯ್ಯುತ್ತಾರಲ್ಲ, ಆ ಕಂದು ವಾರ್ನಿಷು... ಆರು ವರ್ಷವಾದರೂ ಹೋಗಿರಲಿಲ್ಲ. ಕಂಪ್ಯೂಟರಿನೊಳಗೆ ಅದಕ್ಕೇನು ಕೆಲಸ ಎಂದು ನೀವು ಕೇಳಬಹುದು. ಅದಕ್ಕೆ ನಾನು ಮೊದಲು ನಮ್ಮ ವೈಂಡಿಂಗ್ ಕಾಕಾ ಅವರ ವಿಷಯ ಹೇಳಬೇಕು.

ಈ ಸಲ ಮಹಾನವಮಿಗೆ ಇನ್ನೂ ಎರಡು ದಿನ ಇದ್ದಾಗ ನನ್ನ ಕಂಪ್ಯೂಟರಿನ ಫ್ಯಾನು ಗರಗರ ಎನ್ನತೊಡಗಿತ್ತು. ಬಿಚ್ಚಿ ಒರೆಸೋಣವೆಂದು ಸ್ಕ್ರೂಡ್ರೈವರ್ ಹಿಡಿದು ಕೂತೆ. ಆ ತಗಡನ್ನು ಕಡೆಯ ಸಲ ಬಿಚ್ಚಿ ಮುಚ್ಚಿದ್ದವರು ಕಾಕಾ. ಅವರು ಹೋಗಿ ಎರಡು ವರ್ಷವಾಯಿತು.

ಅವರೇನು ನಮ್ಮ ಸಂಬಂಧಿಕರಲ್ಲ. ಮುದ್ದೇಬಿಹಾಳದ ನಮ್ಮ ಓಣಿಯ ತುದಿಗೆ, ಮಾರ್ಕೆಟ್ ಯಾರ್ಡಿನ ಗೇಟಿನ ಎದುರು ಅವರ ಮೋಟರ್ ವೈಂಡಿಂಗ್ ಅಂಗಡಿ ಇತ್ತು. ಓಣಿಯವರೆಲ್ಲ ಕಾಕಾ ಅನ್ನುತ್ತಿದ್ದರು, ನಾನೂ ಅಂದೆ. ಸುತ್ತಲಿನ ಊರುಗಳ ರೈತರು ಸುಟ್ಟ ಮೋಟರುಗಳನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬರುತ್ತಿದ್ದರು. ಯಾಕೆ ಸುಟ್ಟಿತು ಎಂದು ಕೇಳಿದರೆ ನಿಜ ಹೇಳುವವರು ಕಡಿಮೆ. ಬಾವಿಯಲ್ಲಿ ನೀರಿಲ್ಲದಾಗ ಮೋಟರ್ ಓಡಿಸಿ, "ಕರೆಂಟ್ ಜಾಸ್ತಿ ಬಂತ್ರಿ" ಅನ್ನುವರು. ಕಾಕಾ "ಹೌದ್ರಿ, ಕರೆಂಟಿಂದ ತಪ್ಪ" ಎಂದು ತಲೆಯಾಡಿಸುವರು. ಆಮೇಲೆ ಮೋಟರಿಗೆ ಕಟ್ಟುವ ರಟ್ಟಿನ ಚೀಟಿಯ ಮೇಲೆ ಎಷ್ಟು ಸುತ್ತು, ಯಾವ ತಂತಿ ಎಂದು ಬರೆದು, ಕೆಳಗೆ "ನೀರಿಲ್ಲದೆ ಓಡಿಸಿದ್ದು" ಎಂದು ಸೇರಿಸುವರು. ಇದೆಂಥ ಎರಡು ನಾಲಗೆ ಎಂದು ನಾನೊಮ್ಮೆ ನಕ್ಕಿದ್ದೆ.

"ಬಾಯಿಲೆ ಏನರೆ ಹೇಳಬಹುದವಾ. ಅವನೂ ನಾಕ ಮಂದ್ಯಾಗ ತಲಿ ಎತ್ತಿ ತಿರಗಬೇಕಲ್ಲ. ಚೀಟಿಗೆ ಮಾತ್ರ ಸುಳ್ಳ ಬರೀಬಾರದು. ಮುಂದ ಬಿಚ್ಚಾವ ದಾರಿ ತಪ್ತಾನ" ಎಂದಿದ್ದರು.

ನಾನು ಮನಗೂಳಿಯಿಂದ ಈ ಓಣಿಗೆ ಸೊಸೆಯಾಗಿ ಬಂದವಳು. ಬಿ.ಎಡ್. ಮುಗಿಸಿ ಕೆಲಸವಿಲ್ಲದೆ ಕೂತಿದ್ದೆ. ಆಗ, ಕಣ್ಣು ಕಾಣದ ಮಕ್ಕಳಿಗಾಗಿ ಪಾಠಗಳನ್ನು ಓದಿ ಧ್ವನಿಮುದ್ರಿಸಿ ಕೊಡುವವರು ಬೇಕು ಎಂದು ಒಂದು ಸಂಸ್ಥೆಯಿಂದ ತಿಳಿಯಿತು. ಫೋನಿನಲ್ಲಿ ನನ್ನ ದನಿ ಕೇಳಿ ಒಪ್ಪಿದರು. ಆದರೆ ಅವರು ಬಳಸುವ ಧ್ವನಿಯ ಸಾಫ್ಟ್‌ವೇರು ಒಂದು ದೊಡ್ಡ ಕಂಪನಿಯ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತಿತ್ತು. ಆ ಕಂಪ್ಯೂಟರಿನ ಬೆಲೆ ಕೇಳಿ ನನ್ನ ಗಂಡ ಫೋನ್ ಕೆಳಗಿಟ್ಟು ನೀರು ಕುಡಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಸುದ್ದಿ ಕಾಕಾ ಅವರ ಕಿವಿಗೆ ಬಿತ್ತು. ಹಳೆಯ ಭಾಗಗಳನ್ನು ಕೂಡಿಸಿ, ಆ ಕಂಪನಿ ಒಪ್ಪದಿದ್ದರೂ ಅದರ ಆಪರೇಟಿಂಗ್ ಸಿಸ್ಟಮನ್ನು ಅವುಗಳ ಮೇಲೆ ಓಡಿಸುವ ಉಪಾಯ ಅವರಿಗೆ ಗೊತ್ತಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ವಿಡಿಯೋ ನೋಡಿ ನೋಡಿ ಕಲಿತಿದ್ದರು. ಇಂಗ್ಲಿಷ್ ಓದಲು ತಡವರಿಸುತ್ತಿದ್ದರು, ಸರ್ಕ್ಯೂಟ್ ಓದಲು ತಡವರಿಸುತ್ತಿರಲಿಲ್ಲ. ಸುಟ್ಟ ಮೋಟರನ್ನು ಸುತ್ತಿಸುವ ಬದಲು ಹೊಸದನ್ನೇ ತರುವವರು ಹೆಚ್ಚಾಗಿ, ಅವರ ಕೆಲಸ ಇಳಿಯುತ್ತಾ ಬಂದಿತ್ತು. ಅಂಗಡಿಯ ಮೇಲೆ ಕಂಪ್ಯೂಟರ್ ಕೆಲಸದ ಇನ್ನೊಂದು ಹೆಸರಿನ ಬೋರ್ಡು ಹಾಕಬೇಕೆಂಬುದು ಅವರ ಆಸೆ. ಅದಕ್ಕೆ ನಾನು ಮೊದಲ ಗಿರಾಕಿ.

ಮದರ್‌ಬೋರ್ಡು ಬಸವನ ಬಾಗೇವಾಡಿಯಲ್ಲಿ ಬಾಗಿಲು ಮುಚ್ಚಿದ್ದ ಒಂದು ಸೈಬರ್ ಸೆಂಟರಿನದು. ಡಿಸ್ಕು ಸಿಂದಗಿಯಿಂದ ಬಸ್ ಕಂಡಕ್ಟರರ ಚೀಲದಲ್ಲಿ ಬಂತು. ಪವರ್ ಸಪ್ಲೈ ತರಲು ಕಾಕಾ ತಾವೇ ಇಂಡಿಗೆ ಹೋಗಿ ಬಂದರು. ಪೆಟ್ಟಿಗೆಯಂತೂ ಪಂಪ್‌ಸೆಟ್ಟಿನ ಹಳೆಯ ಸ್ಟಾರ್ಟರ್ ಡಬ್ಬಿ. ಅದರ ಮೇಲ್ಭಾಗಕ್ಕೆ ಗಾಳಿ ಆಡಲೆಂದು ಬೆರಳಗಲದ ಸೀಳು ಕೊಯ್ದು, ಸೀಳಿನ ಕೆಳಗೇ ಫ್ಯಾನು ಕೂಡಿಸಿದರು. ತುಕ್ಕು ಹಿಡಿಯಬಾರದೆಂದು ಒಳಗೆಲ್ಲ ಮೋಟರಿನ ವಾರ್ನಿಷು ಬಳಿದರು. ನೋಡಲು ಅದು ಹೊಲದಿಂದ ಎದ್ದು ಬಂದಂತಿತ್ತು, ಆದರೆ ಪರದೆಯ ಮೇಲೆ ಆ ದೊಡ್ಡ ಕಂಪನಿಯ ಗುರುತು ಮೂಡಿದಾಗ ನನ್ನ ಗಂಡ ಚಪ್ಪಾಳೆ ಹೊಡೆದರು. ಕಾಕಾ ನನಗೆ ಒಂದೇ ಮಾತು ಹೇಳಿದರು. "ಅಪ್‌ಡೇಟ್ ಮಾಡ್ಲೇನು ಅಂತ ಕೇಳತೈತಿ. ಒಲ್ಲೆ ಅನ್ನು."

ಮನೆಯಲ್ಲಿ ಒಲ್ಲೆ ಅನ್ನುವವರು ಬೇರೆಯವರಿದ್ದರು. "ಬಾಗಲಾ ಹಾಕ್ಕೊಂಡು ಒಬ್ಬಾಕಿನ ಮಾತಾಡ್ತಾಳ. ಕೇಳಿದ ಮಂದಿ ಏನಂದಾರು?" ಎಂದು ನನ್ನ ಅತ್ತೆ ಮುಖ ಗಂಟು ಹಾಕಿಕೊಂಡಿದ್ದರು. ನಾಲ್ಕು ತಿಂಗಳು ಆ ಪೆಟ್ಟಿಗೆಯ ಕಡೆ ಹಾಯಲಿಲ್ಲ. ಸಂಸ್ಥೆಯವರು ಏಳನೇ ತರಗತಿಯ ಆರು ಪಾಠಗಳನ್ನು ದೀಪಾವಳಿಯೊಳಗೆ ಕಳಿಸಿ, ಚೆನ್ನಾಗಿದ್ದರೆ ಕೆಲಸ ನಿಮ್ಮದು ಎಂದಿದ್ದರು. ನಾನು ಹೊರಗಿನ ಸದ್ದು ಬರಬಾರದೆಂದು ರಗ್ಗು ಹೊದ್ದು, ಕೋಣೆಯ ಫ್ಯಾನು ಬಂದ್ ಮಾಡಿ, ಬೆವರುತ್ತಾ ಎಲೆಗಳ ಉಸಿರಾಟದ ಪಾಠ ಓದುತ್ತಿದ್ದೆ. ಆ ಆರು ಪಾಠ ಹೋದರೆ ಮತ್ತೆ ಅಡಿಗೆಮನೆ ಬಿಟ್ಟು ನನಗೆ ಬೇರೆ ಜಾಗ ಸಿಗುವುದಿಲ್ಲ ಎಂಬ ಹೆದರಿಕೆ ಇತ್ತು. ಈಗ ಹೇಳಿದರೆ ದೊಡ್ಡ ಮಾತು ಅನಿಸಬಹುದು... ಆಗ ಹಾಗೇ ಅನಿಸಿತ್ತು.

ಮಹಾನವಮಿ ಬಂತು. ಹಿಂದಿನ ದಿನ ಕಂಪ್ಯೂಟರು ಅಪ್‌ಡೇಟ್ ಕೇಳಿತು, ನಾನು ಯಾವುದೋ ಅವಸರದಲ್ಲಿ ಹೂಂ ಅಂದುಬಿಟ್ಟೆ. ಮರುದಿನ ಖಂಡೆಪೂಜೆಗೆ, ಅಂದರೆ ಆಯುಧಪೂಜೆಗೆ, ಎಲ್ಲವನ್ನೂ ಬಂದ್ ಮಾಡಿ ಒರೆಸಿಟ್ಟೆವು. ಕುಡಗೋಲು, ಹೊಲಿಗೆ ಮಷಿನು, ಗಂಡನ ಬೈಕು. ಸಂಜೆ ನೋಡುತ್ತೇನೆ, ನನ್ನ ಪೆಟ್ಟಿಗೆಗೂ ವಿಭೂತಿ, ಕುಂಕುಮ! ಅದರ ಮರುದಿನ ಬನ್ನಿ ತಂದಾಗ ಅತ್ತೆ ಒಂದು ಹಿಡಿ ಎಲೆಯನ್ನು ಕಡ್ಡಿ ಸಮೇತ ಅದರ ತಲೆಯ ಮೇಲೆ ಇಟ್ಟು, "ಇದೂ ಕೆಲಸದ ಸಾಮಾನ ಹೌದಿಲ್ಲೋ" ಎಂದು ನನ್ನ ಮುಖ ನೋಡದೆ ಹೊರಗೆ ಹೋದರು. ನನಗೆ ಅಳು ಬಂತು. ಮುಚ್ಚಿಡುವುದೇನು, ಮದುವೆಯಾದ ಮೇಲೆ ಅಷ್ಟು ಖುಷಿ ನನಗೆ ಆಗಿದ್ದಿಲ್ಲ.

ದಸರೆ ಮುಗಿದ ಮೇಲೆ ಎಲೆ ತೆಗೆದಿಟ್ಟು ಚಾಲೂ ಮಾಡಿದರೆ ಕಂಪ್ಯೂಟರಿನಲ್ಲಿ ಧ್ವನಿಯೇ ಇಲ್ಲ. ಅಷ್ಟೇ ಅಲ್ಲ, ಹತ್ತು ನಿಮಿಷಕ್ಕೆ ತಾನಾಗಿಯೇ ಬಂದ್ ಆಗುತ್ತಿತ್ತು.

ಕಾಕಾ ನೋಟುಬುಕ್ಕು ಹಿಡಿದು ಬಂದರು. ಅಪ್‌ಡೇಟಿನ ವಿಷಯ ಒಪ್ಪಿಕೊಂಡೆ. ಬೈಯಲಿಲ್ಲ. "ಒಮ್ಮೆಗೆ ಒಂದ ಬದಲ ಮಾಡೂಣು. ಎರಡ ಮಾಡಿದ್ರ ಯಾವದ್ರಿಂದ ಸುದ್ದ ಆತು ಗೊತ್ತಾಗೂದಿಲ್ಲ" ಎಂದರು. ಧ್ವನಿಯ ಚಿಪ್‌ಗೆ ಒಂದು ನಂಬರ್ ಕೊಡಬೇಕಂತೆ, ಅಪ್‌ಡೇಟ್ ಆದ ಮೇಲೆ ಹಳೆಯ ನಂಬರ್ ನಡೆಯುವುದಿಲ್ಲವಂತೆ, ಯಾವುದು ನಡೆಯುತ್ತದೆ ಎಂದು ಯಾರಿಗೂ ಗೊತ್ತಿಲ್ಲವಂತೆ. ಒಂದೊಂದೇ ನಂಬರ್ ಹಾಕುವುದು, ಮತ್ತೆ ಚಾಲೂ ಮಾಡುವುದು, ಬರೆದಿಡುವುದು. ಹನ್ನೊಂದನೇ ನಂಬರಿಗೆ ಧ್ವನಿ ಬಂತು. ಎಲೆಗಳ ಉಸಿರಾಟದ ಬಗ್ಗೆ ನನ್ನ ದನಿಯೇ ಕೋಣೆಯಲ್ಲಿ ಹೇಳತೊಡಗಿದಾಗ ಕಾಕಾ ಕಣ್ಣು ಮುಚ್ಚಿ ಕೇಳಿದರು. "ಸ್ವಚ್ಛ ಓದ್ತಿ ನೋಡವಾ" ಎಂದರು.

ಆದರೆ ತಾನಾಗಿಯೇ ಬಂದ್ ಆಗುವುದು ನಿಲ್ಲಲಿಲ್ಲ. ಒಪ್ಪಿಗೆಯಿಲ್ಲದೆ ಕೂಡಿಸಿದ ಸಿಸ್ಟಮ್ಮು, ಹೀಗಾಗಿ ಏನಾದರೂ ಅದರದೇ ತಪ್ಪು ಎಂದು ನಾವಿಬ್ಬರೂ ನಂಬಿದ್ದೆವು. ಕಾಕಾ ದಿನಾ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಬಂದು ಆ ಫೈಲು, ಈ ಫೈಲು ಬದಲಿಸಿದರು. ನೋಟುಬುಕ್ಕು ತುಂಬಿತು. ಈ ನಡುವೆ ಓದುತ್ತಿದ್ದಾಗಲೇ ಬಂದ್ ಆಗಿ ನನ್ನ ಎರಡು ಪಾಠ ಹಾಳಾದವು. ಹೀಗೆ ಒಂಬತ್ತು ದಿನ. ದೀಪಾವಳಿ ಎದುರಿಗೇ ಇತ್ತು, ನನ್ನ ತಾಳ್ಮೆ ಸವೆದಿತ್ತು.

ಹತ್ತನೇ ದಿನ ಕಾಕಾ ಕೀಬೋರ್ಡ್ ಬಿಟ್ಟು ಪೆಟ್ಟಿಗೆಯ ಬೆನ್ನಿಗೆ ಅಂಗೈ ಇಟ್ಟರು, ಮೋಟರಿಗೆ ಇಡುವ ಹಾಗೆ. ಬಹಳ ಹೊತ್ತು ಇಟ್ಟರು. ಆಮೇಲೆ ತಗಡು ಬಿಚ್ಚಿ, ನಮಗೆ ಬೆನ್ನು ಮಾಡಿ ಒಳಗೆ ಬಗ್ಗಿ ಏನೋ ಮಾಡಿದರು. ಅತ್ತೆ ಬಾಗಿಲಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದರು.

"ಏನಾಗೇತೋ ತಮ್ಮಾ?" ಎಂದು ಕೇಳಿದರು.

ಕಾಕಾ ತಿರುಗದೆ ಹೇಳಿದರು. "ಏನಿಲ್ಲ ಅಕ್ಕಾ. ನಂದ ತಪ್ಪ ಐತಿ. ಫ್ಯಾನ್ ಉಲ್ಟಾ ಕೂಡಿಸಿದ್ದೆ."

ನನ್ನ ತಲೆ ಕೆಟ್ಟಿತು. "ಗೊತ್ತಿಲ್ಲದ ಕೆಲಸಕ್ಕ ಯಾಕ ಕೈ ಹಾಕ್ತೀರಿ ಕಾಕಾ? ಇದ ನಿಮ್ಮ ಪಂಪ್‌ಸೆಟ್ ಅಲ್ಲ!" ಎಂದೆ. ಅತ್ತೆ ಕೂಡ ಬೆಚ್ಚಿ ನನ್ನ ಕಡೆ ನೋಡಿದರು. ಕಾಕಾ "ಖರೇನವಾ" ಎಂದಷ್ಟೇ ಅಂದರು. ತಗಡು ಮುಚ್ಚುವ ಮುಂಚೆ ಅಂಗಡಿಗೆ ಹೋಗಿ ಒಂದು ತುಂಡು ಸೊಳ್ಳೆ ಜಾಳಿಗೆ ತಂದು ಮೇಲಿನ ಸೀಳಿಗೆ ಒಳಗಿನಿಂದ ಅಂಟಿಸಿದರು. ಹುಳ ಹೋಗಬಾರದೆಂದು ಇರಬೇಕು ಎಂದುಕೊಂಡೆ. ನಾನು ಮಾಡಿಟ್ಟ ಚಹಾ ಅವತ್ತು ಅವರು ಕುಡಿಯಲಿಲ್ಲ.

ಪೆಟ್ಟಿಗೆ ಮತ್ತೆ ಬಂದ್ ಆಗಲಿಲ್ಲ. ಆರೂ ಪಾಠ ಹೊತ್ತಿಗೆ ಸರಿಯಾಗಿ ಹೋದವು, ಕೆಲಸ ನನ್ನದಾಯಿತು. ನಾಲ್ಕು ತಿಂಗಳು ನೆಟ್ಟಗೆ ಓಡಿದ ಫ್ಯಾನು ದಸರೆಗೆ ಹೇಗೆ ಉಲ್ಟಾ ಆಯಿತು ಎಂದು ಕೇಳುವ ಬುದ್ಧಿ, ಬಿ.ಎಡ್. ಓದಿದ ನನಗೆ ಬರಲಿಲ್ಲ. ಬದಲಿಗೆ ಅದನ್ನೊಂದು ತಮಾಷೆ ಮಾಡಿಕೊಂಡೆ. ಬಸುರಿಯರ ಕುಬುಸದ ಕಾರ್ಯಕ್ಕೆ ಹೋದರೆ ಅದು, ಹಳದಿ ಕುಂಕುಮಕ್ಕೆ ಹೋದರೆ ಅದು. "ವೈಂಡಿಂಗ್ ಕಾಕಾ ನನ್ನ ಕಂಪ್ಯೂಟರಿಗೆ ಫ್ಯಾನ್ ಉಲ್ಟಾ ಹಾಕಿದ್ರು!" ಎಲ್ಲರೂ ನಗುತ್ತಿದ್ದರು. ಕಂಪ್ಯೂಟರ್ ಕಟ್ಟಿಸಬೇಕೆಂದು ಕಾಕಾ ಅವರನ್ನು ಮಾತಾಡಿಸಿದ್ದ ಒಬ್ಬ ಔಷಧಿ ಅಂಗಡಿಯವರು, ಒಬ್ಬ ಟ್ಯೂಷನ್ ಮಾಸ್ತರರು, ಇಬ್ಬರೂ ಹಿಂದೆ ಸರಿದರಂತೆ. ಎರಡನೇ ಬೋರ್ಡು ಅಂಗಡಿಯ ಮೇಲೆ ಏರಲೇ ಇಲ್ಲ. ಮುಂದಿನ ದಸರೆಗೆ ನಾನು ಓಣಿಯ ಹಿರಿಯರಿಗೆಲ್ಲ ಬನ್ನಿ ಕೊಟ್ಟೆ, ಮುಜುಗರಕ್ಕೆ ಕಾಕಾ ಅವರ ಮನೆಯೊಂದನ್ನು ಬಿಟ್ಟೆ. ಆ ಮುಂದಿನ ವರ್ಷವೂ... ಹಾಗೆ ಬಿಡುತ್ತಾ ಹೋಗಿ ಒಂದು ದಿನ ಅವರೇ ಇಲ್ಲವಾದರು.

ಈ ಸಲ ನಾನು ಬಿಚ್ಚಿದ ತಗಡಿನ ಒಳಮೈಗೆ ಮೋಟರಿನ ಚೀಟಿಯೊಂದು ಅಂಟಿಸಿತ್ತು. ವೈಂಡಿಂಗಿನ ದಾರದಲ್ಲಿ ಅದಕ್ಕೆ ಕಟ್ಟಿದ್ದು ಬೆರಳುದ್ದದ ಒಣಗಿದ ಬನ್ನಿ ಕಡ್ಡಿ, ಒಂದು ಮುಳ್ಳು ಇನ್ನೂ ಚೂಪಾಗಿತ್ತು. ಕಾಕಾ ಅವರ ದುಂಡು ಅಕ್ಷರ.

"ಮೇಲಿನ ಸೀಳಿನಿಂದ ಬನ್ನಿ ಕಡ್ಡಿ ಬಿದ್ದು ಫ್ಯಾನ್ ಜಾಮ್. ಬಿಸಿಯಾಗಿ ಬಂದ್. ತೆಗೆದೆ. ಫ್ಯಾನ್ ಸರಿ ಇದೆ. ಜಾಳಿಗೆ ಹಾಕಿದೆ. ಅಕ್ಕಾರಿಗೆ ಹೇಳಿಲ್ಲ. ಮೊದಲನೇ ಸಲ ಇಟ್ಟಾರ."

ಎಷ್ಟು ಸಲ ಓದಿದೆನೋ. ಪ್ರತಿ ವರ್ಷ ಅತ್ತೆ ಆ ಪೆಟ್ಟಿಗೆಯ ಮೇಲೆ ಬನ್ನಿ ಇಟ್ಟಿದ್ದಾರೆ, ಪ್ರತಿ ವರ್ಷ ಅದು ಕಾಕಾ ಹಾಕಿದ ಜಾಳಿಗೆಯ ಮೇಲೆ ನಿಂತಿದೆ. ನನಗೆ ನಾಚಿಕೆಯಾಯಿತು. ಅವತ್ತು ಅವರಿಗೆ ಅಂದ ಮಾತು ಕಿವಿಯಲ್ಲಿ ಮತ್ತೆ ಕೇಳಿತು. ಅತ್ತೆಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಹೇಳಿದರೆ ಕಾಕಾ ಕಾಪಾಡಿದ್ದನ್ನು ಕೆಡಿಸಿದಂತೆ, ಬಿಟ್ಟರೆ ಅವರ ಹೆಸರು ಉಲ್ಟಾ ಫ್ಯಾನಿನ ಜೊತೆಗೇ ಉಳಿದಂತೆ. ಕಡೆಗೆ ಚೀಟಿಯನ್ನು ಓದಿ ಹೇಳಿದೆ. ಅತ್ತೆ ಕಡ್ಡಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು.

"ನನಗ ಹೇಳಿದ್ರ ನಾ ಏನ ಸಾಯ್ತಿದ್ನೇನು" ಎಂದರು. ಕಡ್ಡಿಯನ್ನು ನನಗೆ ಮರಳಿ ಕೊಡುತ್ತಾ, "ಮತ್ತ ಮುಟ್ಟತಿದ್ದಿಲ್ಲ ಬಿಡು ಆ ಪೆಟ್ಟಿಗಿ" ಎಂದು ತಾವೇ ಸೇರಿಸಿದರು.

ವಿಜಯದಶಮಿಯ ಸಂಜೆ ಅತ್ತೆ ಬನ್ನಿ ಹಿಡಿದು ನನಗಿಂತ ಮುಂದೆ ನಡೆದರು. ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಅದರ ಹಿಂದಿನ ಅವರ ಮನೆಯ ಕಟ್ಟೆಯ ಮೇಲೆ ಕಾಕಾ ಅವರ ಹೆಂಡತಿ ಕಾಕು, ಓಣಿಯ ನಾಲ್ಕಾರು ಹೆಂಗಸರು ಇದ್ದರು, ನನ್ನ ತಮಾಷೆಗೆ ನಕ್ಕವರೇ. ಅತ್ತೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಫ್ಯಾನ್ ನಿಮ್ಮ ಯಜಮಾನ್ರು ಬರೋಬರಿನೇ ಕೂಡಿಸಿದ್ರವಾ. ಅದರಾಗ ಬನ್ನಿ ಕಡ್ಡಿ ಕೆಡವಿದಾಕಿ ನಾನು."

ಕಾಕು ಬನ್ನಿಯನ್ನು ಕಣ್ಣಿಗೆ ಒತ್ತಿಕೊಂಡರು. "ಏನಾಗಿತ್ತಂತ ನನಗೂ ಹೇಳಿದ್ದಿಲ್ರಿ. ಆದ್ರ ಉಲ್ಟಾ ಕೂಡಿಸೋ ಕೈ ಅಲ್ಲಂತ ಗೊತ್ತಿತ್ತು" ಎಂದರು.

ಒಳಗೆ ಗೋಡೆಯ ಮೇಲೆ ಕಾಕಾ ಅವರ ಫೋಟೋ ಇತ್ತು. ಅದರ ಚೌಕಟ್ಟಿಗೆ ನಾಲ್ಕು ಎಲೆ ಸಿಕ್ಕಿಸಿ, ಹಬ್ಬದ ದಿನ ಎಲ್ಲರೂ ಅನ್ನುವಂತೆ "ಬನ್ನಿ ತಗೊಂಡು ಬಂಗಾರದಂಗ..." ಎಂದೆ. ಇರೂಣು ಎನ್ನಲು ಆಗಲಿಲ್ಲ.

ಮರುದಿನ ಫ್ಯಾನು ಒರೆಸಿ ಎಣ್ಣೆ ಬಿಟ್ಟೆ. ಗರಗರ ನಿಂತಿತು. ತಗಡು ಮುಚ್ಚುವ ಮುಂಚೆ ಅವರ ಚೀಟಿಯ ಕೆಳಗೆ ಇನ್ನೊಂದು ಚೀಟಿ ಅಂಟಿಸಿ ಬರೆದೆ: "ಫ್ಯಾನ್ ಒರೆಸಿದೆ. ಜಾಳಿಗೆ ಗಟ್ಟಿ ಇದೆ. ಅವತ್ತು ತಪ್ಪು ಮಾತಾಡಿದವಳು ನಾನು." ಮುಂದೆ ಇದನ್ನು ಬಿಚ್ಚುವವರು ಯಾರೋ ಗೊತ್ತಿಲ್ಲ. ಓದಬೇಕಾದವರಂತೂ ಇಲ್ಲ.