ವಾಸನೆ ಮೇಸ್ತ್ರಿಯ ಪ್ರಶ್ನೆ

ಶಟರ್ ಅರ್ಧ ಎತ್ತಿದೆ. ಬೀದಿದೀಪ ಇನ್ನೂ ಆರಿಲ್ಲ. ಪತ್ರಿಕೆಗೆ ಬರೆಯಲು ಬಂದ ನಾನು ಬಾಗಿ ಒಳಗೆ ಹೋದರೆ ತಗಡಿನ ಸೂರಿನ ಕೆಳಗೆ ಹಳೇ ಟ್ಯಾಕ್ಸಿಯೊಂದು ಬಾನೆಟ್ ತೆರೆದುಕೊಂಡು ನಿಂತಿದೆ. ಎಂಜಿನ್, ಎಸಿ ಈಗಷ್ಟೇ ಚಾಲೂ ಆಗಿವೆ. ಅದರ ಮೇಲೆ ಅರ್ಧ ಮೈ ಚಾಚಿದ ಮೇಸ್ತ್ರಿ ಒಂದು ಕೈಯಲ್ಲಿ ದಪ್ಪ ಪೈಪು, ಇನ್ನೊಂದರಲ್ಲಿ ಸಣ್ಣ ಪೈಪು ಹಿಡಿದು ಬಿಸಿ ತಂಪು ನೋಡುತ್ತಿದ್ದಾರೆ. ಎಸಿ ನೆಟ್ಟಗಿದ್ದರೆ ದಪ್ಪದ್ದು ಕೊರೆಯಬೇಕು, ಸಣ್ಣದು ಸುಡಬೇಕು. ಇವತ್ತು ಎರಡೂ ಒಂದೇ ಥರ, ಬಿಸಿಯೂ ಇಲ್ಲ, ತಂಪೂ ಇಲ್ಲ. ರಾತ್ರಿಯೆಲ್ಲ ನಿಂತು ಆರಿದ ಎಂಜಿನ್ ಸುಳ್ಳು ಹೇಳುವುದಿಲ್ಲ ಎನ್ನುವುದು ಇವರ ಲೆಕ್ಕ. ಬಿಸಿಲೇರಿದ ಮೇಲೆ ಮುಟ್ಟಿದ್ದೆಲ್ಲ ಬಿಸಿ. ಆಗ ಯಾವ ಪೈಪನ್ನು ನಂಬುವುದು?

"ಗ್ಯಾಸ್ ಹಾಕಿ ಕಳಿಸ್ಬಿಡಿ ಮೇಸ್ತ್ರಿ, ಹತ್ತು ನಿಮಿಷದ ಕೆಲಸ," ಎಂದು ಟ್ಯಾಕ್ಸಿಯವನು ಅವಸರಿಸುತ್ತಾನೆ.

"ಹೋದ ವರ್ಷ ಹಾಕ್ಸಿದ್ಯಲ್ಲ, ಅದೆಲ್ಲಿ ಹೋಯ್ತು?"

"ನಂಗೇನು ಗೊತ್ತು? ಖಾಲಿಯಾಗಿರ್ಬೇಕು."

"ಅದೇನು ಪೆಟ್ರೋಲಾ ತಮ್ಮಾ, ಓಡಿಸಿದ್ರೆ ಖಾಲಿಯಾಗೋಕೆ? ಎಲ್ಲೋ ತೂತು ಬಿದ್ದಿದೆ. ಮೊದ್ಲು ಅದನ್ನ ಹುಡುಕೋಣ, ಇರು."

ಟ್ಯಾಕ್ಸಿಯವನು ಗೊಣಗುತ್ತಾ ಒಂದು ಟೈರಿನ ಮೇಲೆ ಕೂರುತ್ತಾನೆ. ಮೇಸ್ತ್ರಿ ಈಗ ಕಾರಿನೊಳಗೆ ಹೋಗಿ, ಕಿಟಕಿ ಏರಿಸಿ, ಬ್ಲೋಯರ್ ಹಾಕಿ, ಗಾಳಿ ಬರುವ ಕಿಂಡಿಗೆ ಮೂಗು ಒಡ್ಡುತ್ತಾರೆ. ಬಲಕ್ಕೊಂದು ಸಲ, ಎಡಕ್ಕೊಂದು ಸಲ. ಆಮೇಲೆ ತಲೆ ಹೊರಗೆ ಹಾಕಿ ಕೇಳುತ್ತಾರೆ: "ಒಳಗೊಂದು ವಾಸನೆ ಇದೆ. ಇರ್ಲಾ, ತೆಗೀಲಾ?"

"ಯಾರಾದ್ರೂ ವಾಸನೆ ಇಟ್ಕೊಂಡು ಸಾಕ್ತಾರಾ ಮೇಸ್ತ್ರಿ? ಬೆಳಿಗ್ಗೆ ಬೆಳಿಗ್ಗೆ ನಿಮ್ದೊಂದು."

"ಕೇಳೋದು ನನ್ನ ಕೆಲ್ಸ. ನೀನು ಹೇಳು."

ಎದುರು ಅಂಗಡಿಯ ಪಂಕ್ಚರಿನವನಿಗೆ ಇಷ್ಟೇ ಸಾಕು. "ಮೇಸ್ತ್ರಿ, ನನ್ನ ಕಾಲುಚೀಲದ ವಾಸನೆ ಇರ್ಲಾ, ತೆಗೀಲಾ?" ಎಂದು ಅಲ್ಲಿಂದಲೇ ಕೂಗುತ್ತಾನೆ. ಬೀದಿ ನಗುತ್ತದೆ. ಮೇಸ್ತ್ರಿಯೂ ನಗುತ್ತಾರೆ. ಈ ಬೀದಿಯಲ್ಲಿ ಅವರ ಹೆಸರೇ ವಾಸನೆ ಮೇಸ್ತ್ರಿ. ನಗುವ ಯಾರಿಗೂ ಆ ಪ್ರಶ್ನೆ ಎಲ್ಲಿಂದ ಬಂತು ಅಂತ ಗೊತ್ತಿಲ್ಲ. ಕೇಳಿ ತಿಳಿದುಕೊಳ್ಳುವ ಪುರುಸೊತ್ತು ಯಾವ ಮಹಾರಾಯನಿಗೂ ಇಲ್ಲ.

ಇಂಥವರನ್ನು ಎಲೆಮರೆಯ ಕಾಯಿ ಅಂತ ಕರೆದು ಕೈ ತೊಳೆದುಕೊಳ್ಳುವುದು ನಮಗೆ ಅಭ್ಯಾಸವಾಗಿದೆ. ಎಲೆ ಎಲ್ಲಿದೆ ಇಲ್ಲಿ? ರಸ್ತೆಗೆ ಮುಖ ಮಾಡಿದ ಶೆಡ್ಡು, ನಡುಬಿಸಿಲು, ಕಣ್ಣಿದ್ದವರಿಗೆಲ್ಲ ಕಾಣುವ ಮನುಷ್ಯ. ಕಾರು ಕೊಟ್ಟು, ಫೋನಿನಲ್ಲಿ ಮುಖ ಹುದುಗಿಸಿ, "ಎಷ್ಟೊತ್ತು?" ಎಂದು ಮಾತ್ರ ಕೇಳುವವರಿಗೆ ಕಾಣುವುದಿಲ್ಲ, ಅಷ್ಟೇ.

ಮೇಸ್ತ್ರಿ ಮೀಸೆ ಚಿಗುರುವ ಮೊದಲೇ ಈ ಕೆಲಸಕ್ಕೆ ಬಂದವರು. ಆಗ ಕಾರಿಗೆ ಎಸಿ ಅಂದರೆ ದೊಡ್ಡಸ್ತಿಕೆ. ಕಲಿಸಿದ ಗುರು ಕೈಗೆ ಗವಸು ಕೊಡಲಿಲ್ಲ, ಇವರಿಗೆ ಕೇಳಬೇಕೆಂದೂ ಗೊತ್ತಿರಲಿಲ್ಲ. ಒಂದು ದಿನ ಪೈಪು ಬಿಚ್ಚುವಾಗ ಗ್ಯಾಸ್ ಚಿಮ್ಮಿ ಎಡಗೈಯ ತೋರುಬೆರಳು ಬೆಳ್ಳಗೆ ಸೆಟೆದುಕೊಂಡಿತು. ಆ ಬೆರಳ ತುದಿಗೆ ಇವತ್ತಿಗೂ ಏನೂ ತಿಳಿಯುವುದಿಲ್ಲ. "ಬೆಂಕಿ ಸುಟ್ರೆ ಎಲ್ರೂ ಅಯ್ಯೋ ಅಂತಾರೆ. ತಂಪು ಸುಟ್ಟಿತು ಅಂದ್ರೆ ನಗ್ತಾರೆ," ಎನ್ನುತ್ತಾರೆ. ಮಂಡಿ ಎರಡೂ ಹೋಗಿವೆ. ಕಾರಿನ ಕಾಲಿಡುವ ಜಾಗದಲ್ಲಿ ಮಡಚಿಕೊಂಡು ಮಲಗಿ, ಟಾರ್ಚು ಹಲ್ಲಲ್ಲಿ ಕಚ್ಚಿ, ಡ್ಯಾಶ್‌ಬೋರ್ಡಿನ ಹೊಟ್ಟೆಗೆ ಕೈಹಾಕುವ ಕೆಲಸ ಇದು. ಬೇಸಿಗೆಯಲ್ಲಿ ದಿನಕ್ಕೆ ಎರಡು ಕಾರು, ಹೆಚ್ಚೆಂದರೆ ಮೂರು. ಮುಂದಿನ ತಿರುವಿನಲ್ಲಿ ಗಾಜಿನ ಬಾಗಿಲು ಹಾಕಿಕೊಂಡವರು ಅಷ್ಟೇ ಹೊತ್ತಿನಲ್ಲಿ ಹನ್ನೆರಡು ಕಾರಿಗೆ ಗ್ಯಾಸ್ ತುಂಬಿ ಕಳಿಸುತ್ತಾರೆ. ತೂತು ಹಾಗೇ ಇರುತ್ತದೆ, ಗಿರಾಕಿ ಮುಂದಿನ ವರ್ಷ ಮತ್ತೆ ಅಲ್ಲಿಗೇ ಹೋಗುತ್ತಾನೆ, ಹೋಗಿ ಥ್ಯಾಂಕ್ಸ್ ಹೇಳುತ್ತಾನೆ! ಇಲ್ಲಿಗೆ ಬಂದವನು ಮಾತ್ರ ಗಡಿಯಾರ ನೋಡುತ್ತಾನೆ.

ಶೆಡ್ಡಿನ ಹಿಂಭಾಗದಲ್ಲಿ ಮೇಸ್ತ್ರಿಯ ಹೆಂಡತಿಯ ಹೊಲಿಗೆ ಯಂತ್ರವಿದೆ. ಅವರು ಸೀಟಿನ ಕವರ್ ಹೊಲಿಯುತ್ತಾರೆ. ಇಬ್ಬರ ನಡುವೆ ಇರುವುದು ಒಂದೇ ಟೇಬಲ್ ಫ್ಯಾನು. "ಊರಿಗೆಲ್ಲ ಎಸಿ, ನಂಗೆ ಮಾತ್ರ ಇದು," ಎಂದು ಅವರು ಫ್ಯಾನಿನ ತಲೆಗೊಂದು ತಟ್ಟುತ್ತಾರೆ. "ಅದೂ ನಿಮ್ಮ ಕಡೆಗೇ ತಿರುಗುತ್ತೆ, ನೋಡ್ರೀ."

ಪ್ರಶ್ನೆ ಹುಟ್ಟಿದ್ದು ಹೋದ ಬೇಸಿಗೆಯಲ್ಲಿ. ವಯಸ್ಸಾದ ಒಬ್ಬ ಅಮ್ಮ ಫೋನು ಮಾಡಿ, ಎಸಿ ಬರುತ್ತಿಲ್ಲ, ಕಾರು ತೆಗೆದುಕೊಂಡು ಹೋಗಿ ಎಂದರು. ಮೇಸ್ತ್ರಿಯೇ ಹೋಗಿ ತಂದರು. ಹಳೇ ಕಾರು, ಆದರೆ ಜೋಪಾನವಾಗಿ ಇಟ್ಟದ್ದು. ಪೈಪಿಗೆ ಗಾಳಿ ತುಂಬಿ, ಸಾಬೂನಿನ ನೊರೆ ಹಚ್ಚಿ ನೋಡಿದಾಗ ಕಂಪ್ರೆಸರಿನ ಹತ್ತಿರದ ಕೀಲಿನಲ್ಲಿ ಗುಳ್ಳೆ ಎದ್ದಿತು. ಅಲ್ಲಿನ ರಬ್ಬರ್ ಉಂಗುರ ಒಣಗಿ ಬಿರುಕು ಬಿಟ್ಟಿತ್ತು. ಹೊಸದು ಹಾಕಿದರು. ಮಧ್ಯಾಹ್ನದೊಳಗೆ ರೋಗ ಸಿಕ್ಕಿತು, ಮದ್ದೂ ಆಯಿತು. ಗ್ಯಾಸ್ ತುಂಬುವುದೊಂದೇ ಬಾಕಿ.

"ಅಲ್ಲಿಗೆ ನಿಲ್ಲಿಸ್ಬೇಕಿತ್ತು," ಎನ್ನುತ್ತಾರೆ ಮೇಸ್ತ್ರಿ. "ಕಾರೊಳಗೆ ಸಿಗರೇಟಿನ ಗಬ್ಬು. ಗ್ಯಾಸ್ ಹೇಗೂ ಖಾಲಿ ಇದೆ, ಕೂಲಿಂಗ್ ಕಾಯಿಲ್ ಬಿಚ್ಚೋಕೆ ಇದಕ್ಕಿಂತ ಒಳ್ಳೇ ಹೊತ್ತು ಸಿಗಲ್ಲ ಅನ್ನಿಸ್ತು. ಯಾರೂ ಹೇಳಿರ್ಲಿಲ್ಲ. ನಾನೇ, ಒಳ್ಳೇದು ಮಾಡ್ತೀನಿ ಅಂತ."

ಇಡೀ ಡ್ಯಾಶ್‌ಬೋರ್ಡ್ ಕಳಚಿದರು. ಕಾಯಿಲ್ ಹೊರತೆಗೆದು, ಮದ್ದು ಹಾಕಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ಸಂದು ಸಂದು ಉಜ್ಜಿದರು. ಸುತ್ತಲಿನ ಹಳೇ ಸ್ಪಂಜನ್ನು ಕಿತ್ತು ಬಿಸಾಕಿ ಹೊಸದು ಅಂಟಿಸಿದರು. ಇದಕ್ಕೆ ಕೂಲಿ ಕೇಳುವುದಿಲ್ಲ ಎಂದು ಮೊದಲೇ ನಿರ್ಧರಿಸಿದ್ದರು.

ಸಂಜೆ ಆ ಅಮ್ಮ ಬಂದರು. ಒಳಗೆ ಕೂತರು, ಬಾಗಿಲು ಹಾಕಿಕೊಂಡರು, ಎಸಿ ಹಾಕಿದರು. ಈ ಕ್ಷಣದಲ್ಲಿ ಗಿರಾಕಿಯ ಮುಖ ಅರಳುವುದನ್ನು ನೋಡಲು ಮೇಸ್ತ್ರಿ ಯಾವಾಗಲೂ ಕೈ ಒರೆಸಿಕೊಂಡು ನಿಲ್ಲುತ್ತಾರೆ. ಅವತ್ತೂ ನಿಂತರು. ಅಮ್ಮ ಕಿಂಡಿಯ ಹತ್ತಿರ ಬಾಗಿದರು. ಆರಿಸಿದರು. ಮತ್ತೆ ಹಾಕಿ ಮತ್ತೆ ಬಾಗಿದರು. ಆಮೇಲೆ ಗಾಜು ಇಳಿಸಿ, "ವಾಸನೆ ಹೋಗಿದೆ," ಎಂದರು.

"ಹೂಂ ಅಮ್ಮ, ಪೂರ್ತಿ ತೆಗ್ದೆ! ಯಾರೋ ಪುಣ್ಯಾತ್ಮ ಒಳಗೇ ಕೂತು ಸೇದಿದ್ದಾನೆ, ಕಾಯಿಲ್ಲೆಲ್ಲ ಹಿಡ್ಕೊಂಡಿತ್ತು. ಅದಕ್ಕೆ ನೀವೇನೂ ಕೊಡ್ಬೇಡಿ."

"ನಮ್ಮನೆಯವರು," ಎಂದರು ಆ ಅಮ್ಮ. "ಹೋಗಿ ಒಂದು ವರ್ಷವಾಯ್ತು."

ಅಮ್ಮನೇ ಮೆಲ್ಲಗೆ ಹೇಳಿದರು. ಗಂಡ ಮನೆಯಲ್ಲಿ ಸೇದಲು ಇವರು ಬಿಡುತ್ತಿರಲಿಲ್ಲ. ಅವರು ಕೆಳಗೆ ಹೋಗಿ ಕಾರಲ್ಲಿ ಕೂತು ಸೇದಿ, ಲವಂಗ ಅಗಿದುಕೊಂಡು ಮೇಲೆ ಬರುತ್ತಿದ್ದರು. "ನಂಗೆ ಗೊತ್ತಾಗಲ್ಲ ಅಂದ್ಕೊಂಡಿದ್ರು, ಪಾಪ." ಹೊಗೆಯ ಮೇಲಿನ ಹಳೇ ಸಿಟ್ಟಿಗೆ, ಅವರು ತೀರಿಕೊಂಡ ವಾರವೇ ಪರದೆ, ಹೊದಿಕೆ, ಅಂಗಿ ಎಲ್ಲ ಇವರೇ ಒಗೆದುಬಿಟ್ಟಿದ್ದರು. "ಆಮೇಲೆ ಮನೇಲಿ ಎಲ್ಲಿ ಹುಡುಕಿದ್ರೂ ಸಿಗ್ಲಿಲ್ಲ. ಕಾರೊಂದು ಉಳಿದಿತ್ತು. ಎಸಿ ಹಾಕಿದ ತಕ್ಷಣ ತಣ್ಣನೆ ಗಾಳಿ ಜೊತೆ ಒಂದು ಸಲ ಬರ್ತಿತ್ತು, ಲವಂಗನೂ ಸೇರಿ. ಗ್ಯಾಸ್ ಹೋದ್ಮೇಲೆ ಅದೂ ನಿಂತುಹೋಯ್ತು. ಅದಕ್ಕೇ ರಿಪೇರಿಗೆ ಕೊಟ್ಟೆ. ನಾನು ಹೇಳ್ಬೇಕಿತ್ತು. ನಾಚಿಕೆಯಾಯ್ತು."

ಬೈಯಲಿಲ್ಲ. ರಬ್ಬರ್ ಉಂಗುರಕ್ಕೆ, ಗ್ಯಾಸಿಗೆ ಆದದ್ದನ್ನು ಕೊಟ್ಟು ಹೋದರು.

ಈ ಕತೆ ಕೇಳಿದಾಗಿನಿಂದ ಬೈಯಲು ಯಾರಾದರೂ ಸಿಗುತ್ತಾರಾ ಅಂತ ನಾನು ಹುಡುಕುತ್ತಿದ್ದೇನೆ. ಗಾಜಿನ ಬಾಗಿಲಿನವರನ್ನು ಬೈಯಬಹುದು, ಅವಸರದ ಗಿರಾಕಿಗಳನ್ನು ಬೈಯಬಹುದು. ಇಲ್ಲಿ ಯಾರನ್ನು ಬೈಯುವುದು? ಅರೆಬರೆ ಕೆಲಸ ಮಾಡುವವರ ಕೈಗೆ ಆ ಕಾರು ಸಿಕ್ಕಿದ್ದರೆ ವಾಸನೆ ಉಳಿಯುತ್ತಿತ್ತು! ಕೆಲಸ ಚೆನ್ನಾಗಿ ಗೊತ್ತಿದ್ದವನ ಹತ್ತಿರ ಬಂದು ಹಾಳಾಯಿತು. ಈ ಅನ್ಯಾಯಕ್ಕೆ ಯಾರ ಕೊರಳಪಟ್ಟಿ ಹಿಡಿಯಲಿ?

ಮೇಸ್ತ್ರಿ ಆ ರಾತ್ರಿ ಊಟ ಮಾಡಲಿಲ್ಲವಂತೆ. ಮರುದಿನ ಗುಜರಿಯವನ ಮನೆಗೇ ಹೋಗಿ, ಮೂಟೆ ಸುರಿದು, ಕಿತ್ತು ಬಿಸಾಕಿದ್ದ ಸ್ಪಂಜಿನ ತುಂಡುಗಳನ್ನು ಆರಿಸಿ ತಂದರು. ಮೂಸಿದರು. ಇತ್ತು. ಹೊಗೆ, ಲವಂಗ ಎರಡೂ ಇದ್ದವು. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಟೇಪು ಸುತ್ತಿ, ಬಿಸ್ಕತ್ತಿನ ಡಬ್ಬಿಯಲ್ಲಿಟ್ಟರು. ಕೊಟ್ಟು ಬರಲು ಮಾತ್ರ ಕಾಲು ಏಳಲಿಲ್ಲ. ನಾಳೆ ಅಂದರು, ಆಮೇಲೆ ಅಂದರು. ಡಬ್ಬಿ ಹೊಲಿಗೆ ಯಂತ್ರದ ಮೇಲಿನ ಅಟ್ಟದಲ್ಲೇ ಉಳಿಯಿತು.

ಇವತ್ತು ಟ್ಯಾಕ್ಸಿ ತಂಪಾಗಿ ಹೊರಟುಹೋದ ಮೇಲೆ ಹೆಂಡತಿ ಯಂತ್ರ ನಿಲ್ಲಿಸುತ್ತಾರೆ. "ಪತ್ರಿಕೆಯವ್ರ ಮುಂದೆ ಇಷ್ಟೆಲ್ಲ ಹೇಳಿದ್ರಲ್ಲ, ಆ ಅಮ್ಮನ ಮುಂದೆ ಯಾವಾಗ ಹೇಳ್ತೀರಿ? ಇವತ್ತು ಕೊಡ್ಲಿಲ್ಲ ಅಂದ್ರೆ ನಾಳೆ ಆ ಡಬ್ಬಿಗೆ ನನ್ನ ಹೊಲಿಗೆ ಗುಂಡಿ ತುಂಬಿ ಇಟ್ಕೋತೀನಿ."

ಸಂಜೆ ಮೇಸ್ತ್ರಿಯೂ ನಾನೂ ಆ ಅಮ್ಮನ ಮನೆಗೆ ಹೋಗುತ್ತೇವೆ. ಎರಡನೇ ಮಹಡಿ. ಮಂಡಿನೋವಿಗೆ ಮೇಸ್ತ್ರಿ ಪ್ರತಿ ತಿರುವಿನಲ್ಲೂ ನಿಲ್ಲುತ್ತಾರೆ. ಬಾಗಿಲು ತೆರೆದ ಅಮ್ಮನಿಗೆ ಗುರುತು ಹತ್ತುತ್ತದೆ. "ಬನ್ನಿ ಮೇಸ್ತ್ರಿ. ಕಾರು ಚೆನ್ನಾಗಿದೆ. ಎಷ್ಟು ತಂಪು ಅಂದ್ರೆ ನಮ್ಮ ತಂಗಿ ಶಾಲು ಹೊದ್ಕೊಂಡು ಕೂರ್ತಾಳೆ." ಬಾಗಿಲ ಪಕ್ಕದ ಮೇಜಿನ ಮೇಲೊಂದು ಗಾಜಿನ ಆಷ್‌ಟ್ರೇ ಇದೆ, ಫಳಫಳ ತೊಳೆದದ್ದು. ಅದರೊಳಗೆ ಕಾರಿನ ಕೀ.

ಮೇಸ್ತ್ರಿ ಕೂರುವುದಿಲ್ಲ. ಚೀಲ ಚಾಚುತ್ತಾರೆ. "ಇದು ಅವತ್ತು ನಿಮ್ಮ ಕಾರಿಂದ ತೆಗ್ದಿದ್ದಮ್ಮ. ಕಾಯಿಲ್ ಸುತ್ತ ಇದ್ದ ಸ್ಪಂಜು. ಇದ್ರಲ್ಲಿ... ಒಂಚೂರು ಇರ್ಬಹುದು ಅಂತ."

ಅಮ್ಮ ಚೀಲವನ್ನೇ ನೋಡುತ್ತಾರೆ. ಕನ್ನಡಕ ತೆಗೆದಿಟ್ಟು, ಟೇಪು ಬಿಡಿಸಿ, ಮುಖದ ಹತ್ತಿರ ತಂದು ಕಣ್ಣು ಮುಚ್ಚುತ್ತಾರೆ. ಒಳಗಿನ ಕೋಣೆಯಲ್ಲಿ ಯಾವುದೋ ಪಾತ್ರೆಗೆ ನಲ್ಲಿ ನೀರು ತೊಟ್ಟಿಕ್ಕುವುದು ಕೇಳುತ್ತದೆ.

"ಇದೆ," ಎನ್ನುತ್ತಾರೆ ಕಣ್ಣು ತೆರೆದು. "ಇದೆ ಮೇಸ್ತ್ರಿ. ದೊಡ್ಡ ಉಪಕಾರ ಮಾಡಿದ್ರಿ. ಕೂತ್ಕೊಳ್ಳಿ, ಟೀ ಮಾಡ್ತೀನಿ."

ಟೀ ಕುಡಿದು ಎದ್ದು ಬರುತ್ತೇವೆ. ನನಗಂತೂ ಎದೆ ಹಗುರಾಗಿದೆ. ಮೊದಲ ತಿರುವಿನಲ್ಲಿ ಮೇಸ್ತ್ರಿ ಗೋಡೆ ಹಿಡಿದು ನಿಲ್ಲುತ್ತಾರೆ.

"ಇಲ್ಲ ಸಾರ್, ಅದ್ರಲ್ಲಿ ಏನೂ ಇಲ್ಲ. ಬರೀ ರಬ್ಬರ್ ವಾಸನೆ. ನಾನು ಬೆಳಿಗ್ಗೇನೇ ಮೂಸಿದ್ದೆ."

"ಮತ್ತೆ ಅವರು ಇದೆ ಅಂದರಲ್ಲ?"

"ನಂಗೋಸ್ಕರ ಅಂದ್ರು. ಮನೆ ಬಾಗಿಲಿಗೆ ಬಂದು ನಿಂತವನಿಗೆ ಇಲ್ಲ ಅಂತ ಹೇಗೆ ಹೇಳ್ತಾರೆ?" ಇನ್ನೊಂದು ಮೆಟ್ಟಿಲು ಇಳಿಯುತ್ತಾರೆ. "ತಂದ ದಿನ ಇತ್ತು. ಇನ್ನೂ ಇದೆಯಾ, ಇದೆಯಾ ಅಂತ ನಾನೇ ದಿನಾ ಬಿಚ್ಚಿ ನೋಡ್ತಿದ್ದೆ. ಎಸಿಗೆ ಗೇಜ್ ಹಾಕಿ ಒತ್ತಡ ನೋಡಿದಾಗಲೆಲ್ಲ ಒಂಚೂರು ಗ್ಯಾಸ್ ಹೋಗುತ್ತೆ, ಅದು ನಂಗೆ ಗೊತ್ತು. ಇದೂ ಹಾಗೇ ಅಂತ ಹೊಳೀಲೇ ಇಲ್ಲ ನೋಡಿ. ನಾನೇ ಪೂರ್ತಿ ಮೂಸಿ ಮುಗಿಸಿಬಿಟ್ಟೆ."

ಕೆಳಗೆ ಆ ಕಾರು ಹೊದಿಕೆ ಹೊದ್ದು ನಿಂತಿದೆ. ದಾಟಿ ಹೋಗುತ್ತಿದ್ದ ಮೇಸ್ತ್ರಿ ನಿಂತು, ಸರಿದಿದ್ದ ಹೊದಿಕೆಯ ಅಂಚನ್ನು ಚಕ್ರದ ಕೆಳಗೆ ಸಿಕ್ಕಿಸುತ್ತಾರೆ.

"ಇಷ್ಟು ವರ್ಷದಲ್ಲಿ ಎಷ್ಟೋ ಕಾಯಿಲ್ ತೊಳ್ದಿದೀನಿ," ಎನ್ನುತ್ತಾರೆ. "ಇದ್ರಷ್ಟು ಚೊಕ್ಕವಾಗಿ ಯಾವ್ದೂ ಬಂದಿಲ್ಲ. ಬೆಳಕಿಗೆ ಹಿಡಿದ್ರೆ ಆಚೆಯವ್ರ ಮುಖ ಕಾಣ್ತಿತ್ತು. ಒಂದು ಮೂಲೆ ಕೈಗೆ ಸಿಕ್ತಾ ಇರ್ಲಿಲ್ಲ ಸಾರ್. ಬಿಟ್ಟುಬಿಡೋಣ ಅಂತ ಬ್ರಷ್ ಕೆಳಗಿಟ್ಟಿದ್ದೆ ಕೂಡ. ಆಮೇಲೆ ಮನಸ್ಸು ತಡೀಲಿಲ್ಲ, ಮತ್ತೆ ಎತ್ಕೊಂಡೆ."