ಮುಖ ತಾಳೆಯಾಗಿದೆ

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳಲ್ಲಿ, ಇಂದಿರಾನಗರದ ಆಚೆಗಿದ್ದ ನಮ್ಮ ಸಂಶೋಧನಾ ಕೇಂದ್ರದಲ್ಲಿ ನನಗೊಂದು ಅಪರೂಪದ ಅಧಿಕಾರವಿತ್ತು. ಎದುರಿಗೆ ನಿಂತ ಮನುಷ್ಯ ಅವನೇ ಹೌದು ಎಂದು ಪ್ರಮಾಣೀಕರಿಸುವ ಅಧಿಕಾರ. ಹಿಂದೆ ಇಂಥ ಪ್ರಶ್ನೆಗಳಿಗೆ ಋಷಿಗಳು ಕಾಡಿಗೆ ಹೋಗುತ್ತಿದ್ದರು. ನನಗೆ ಒಂದು ಮೇಜು, ಒಂದು ರಬ್ಬರ್ ಸ್ಟಾಂಪು ಕೊಟ್ಟಿದ್ದರು.

ಆಗಷ್ಟೇ ಗ್ರಿಡ್ ಬಂದಿತ್ತು. ಬೇರೆ ಬೇರೆ ಊರಿನ ಕೇಂದ್ರಗಳು ತಮ್ಮ ಕಂಪ್ಯೂಟರುಗಳನ್ನು ಜೋಡಿಸಿಕೊಂಡು, ಒಬ್ಬರ ಲೆಕ್ಕವನ್ನು ಇನ್ನೊಬ್ಬರ ಯಂತ್ರದಲ್ಲಿ ಓಡಿಸುವ, ಒಬ್ಬರ ಮಾಹಿತಿಯನ್ನು ಇನ್ನೊಬ್ಬರು ಬಳಸುವ ಏರ್ಪಾಡು. ತಂತಿ ಎಳೆಯುವ ಕೆಲಸ ಬೇಗ ಮುಗಿಯಿತು. ನಂಬಿಕೆ ಹುಟ್ಟುವುದಕ್ಕೆ ಸಭೆಗಳ ಮೇಲೆ ಸಭೆಗಳಾದವು. ಎಲ್ಲರಿಗೂ ಪಕ್ಕದವರ ಮಾಹಿತಿ ಬೇಕು, ತಮ್ಮದು ಮಾತ್ರ ದಿಂಬಿನ ಕೆಳಗೇ ಇರಬೇಕು. ಕೊನೆಗೆ ಒಂದು ಒಪ್ಪಂದವಾಯಿತು. ಗ್ರಿಡ್ ಬಳಸುವ ಪ್ರತಿಯೊಬ್ಬರೂ ಡಿಜಿಟಲ್ ಪ್ರಮಾಣಪತ್ರ ಪಡೆಯಬೇಕು. ವರ್ಷಕ್ಕೊಮ್ಮೆ ಗುರುತಿನ ಚೀಟಿ ಹಿಡಿದು ಖುದ್ದಾಗಿ ನನ್ನೆದುರು ನಿಲ್ಲಬೇಕು. ನಾನು ಫೋಟೋ ನೋಡಿ, ಮುಖ ನೋಡಿ, ‘ಮುಖ ತಾಳೆಯಾಗಿದೆ’ ಎಂದು ಬರೆದು ರುಜು ಹಾಕಬೇಕು. ನಿಯಮಾವಳಿ ಬರೆದವನು ನಾನೇ ಆದ್ದರಿಂದ ಯಾರಿಗೂ ವಿನಾಯಿತಿ ಇರಲಿಲ್ಲ. ವರ್ಷಗಟ್ಟಲೆ ನನ್ನ ಜೊತೆ ಡಬ್ಬಿ ಹಂಚಿಕೊಂಡು ಉಂಡ ಗೆಳೆಯನಿಗೂ.

“ಗುರು, ನಾನು ನಾನೇ ಅಂತ ನೀನು ಹೇಳ್ಬೇಕಂತೆ,” ಎನ್ನುತ್ತ ಅವನು ಬಂದ.

“ಚೀಟಿ ತೋರ್ಸು.”

“ಬೆಳಿಗ್ಗೆ ನನ್ನ ಸ್ಕೂಟರಲ್ಲೇ ಬಂದ್ಯಲ್ಲೋ.”

“ಹಿಂದೆ ಕೂತವನಿಗೆ ಮುಖ ಕಾಣಲ್ಲ. ಚೀಟಿ.”

ಅವನು ಕಗ್ಗದಾಸಪುರದ ಹಳೆಯ ಒಕ್ಕಲು ಮನೆತನದವನು. ಅವನ ಅಪ್ಪ ರಾಗಿ ಬೆಳೆದ ಹೊಲದಲ್ಲಿ ಆಗಲೇ ಮೂರಂತಸ್ತಿನ ಮನೆಗಳು ಎದ್ದಿದ್ದವು. ಇವನು ಮಾತ್ರ ಮಳೆಯನ್ನು ಬಿಟ್ಟಿರಲಿಲ್ಲ. ಅದರ ಲೆಕ್ಕ ಮಾಡುವುದೇ ಅವನ ವೃತ್ತಿ. ಚಿಕ್ಕವನಿದ್ದಾಗ ಒಂದು ವರ್ಷ ಊರಿನ ಕೆರೆ ಕೋಡಿ ಹರಿದಿತ್ತಂತೆ. ಆ ವರ್ಷದ ಮುಂಗಾರನ್ನು ಕಂಪ್ಯೂಟರಿನಲ್ಲಿ ಮತ್ತೊಮ್ಮೆ ಸುರಿಸಿ ತೋರಿಸಬೇಕೆಂಬುದು ಅವನ ಹಟ. “ಬಂದು ಹೋಗಿರೋ ಮಳೇನೇ ಸರಿಯಾಗಿ ಬರಿಸಕ್ಕಾಗ್ದಿದ್ರೆ, ಬರೋ ಮಳೆ ಬಗ್ಗೆ ಬಾಯಿ ಬಿಡೋ ಯೋಗ್ಯತೆ ನಮಗಿಲ್ಲ,” ಎನ್ನುತ್ತಿದ್ದ. ಅದಕ್ಕೆ ನಮ್ಮಲ್ಲಿದ್ದ ಯಂತ್ರಗಳು ಸಾಲುತ್ತಿರಲಿಲ್ಲ. ಗ್ರಿಡ್ ಬೇಕಿತ್ತು.

ಗ್ರಿಡ್ಡಿನಲ್ಲಿ ಇನ್ನೊಂದು ಸೂಕ್ಷ್ಮವಿತ್ತು. ದೊಡ್ಡ ಲೆಕ್ಕ ವಾರಗಟ್ಟಲೆ ಓಡುತ್ತದೆ. ಅಷ್ಟು ದಿನವೂ ಮನುಷ್ಯ ಎದುರಿಗೆ ಕೂತು ಪಾಸ್‌ವರ್ಡ್ ಒತ್ತಲಾರ. ಆದ್ದರಿಂದ ತನ್ನ ಹೆಸರಿನಲ್ಲಿ ವ್ಯವಹರಿಸಲು ಆ ಲೆಕ್ಕಕ್ಕೇ ಅಧಿಕಾರ ಬರೆದುಕೊಡುತ್ತಾನೆ. ಅವನ ಪ್ರಮಾಣಪತ್ರ ಊರ್ಜಿತವಾಗಿರುವ ತನಕ ಆ ಅಧಿಕಾರ ತಾನಾಗಿ ಮುಂದುವರಿಯುತ್ತದೆ. ಇದನ್ನು ವಿವರಿಸಿದಾಗ ಅವನು ಜೋರಾಗಿ ನಕ್ಕ.

“ಇದು ಜಿಪಿಎ ಕಣೋ, ಜಮೀನಿಗೆ ಬರ್ಕೊಡೋ ಅಧಿಕಾರಪತ್ರ. ನಮ್ಮೂರಲ್ಲಿ ಅರ್ಧ ಜಮೀನು ಹೋಗಿದ್ದೇ ಇದರಲ್ಲಿ. ಕೊಟ್ಟವನು ಸತ್ರೆ ಜಿಪಿಎನೂ ಸಾಯುತ್ತೆ. ಇಲ್ಲಿ ಹೇಗೆ?”

“ಸತ್ತಿದ್ದು ಯಂತ್ರಕ್ಕೆ ಗೊತ್ತಾಗಲ್ಲ. ನಾನು ಹೇಳ್ಬೇಕು.”

“ಒಳ್ಳೇ ಉದ್ಯೋಗ ನಿಂದು.”

ಮುಂದೊಂದು ವರ್ಷ ಅವನಿಗೆ ಹೊಟ್ಟೆನೋವು ಶುರುವಾಯಿತು. ಹಲಸೂರಿನ ಡಾಕ್ಟರು ಗ್ಯಾಸ್ ಎಂದರು. ಶಿವಾಜಿನಗರದ ದೊಡ್ಡ ಆಸ್ಪತ್ರೆಯವರು ಹಾಗೆನ್ನಲಿಲ್ಲ. ಪ್ರಮಾಣಪತ್ರದ ನವೀಕರಣಕ್ಕೆ ಅವನು ಆಸ್ಪತ್ರೆಯಿಂದಲೇ ಆಟೋದಲ್ಲಿ ಬಂದ, ಹೆಂಡತಿಯ ತೋಳು ಹಿಡಿದುಕೊಂಡು. ತಲೆಯ ಮೇಲೆ ಕೂದಲಿರಲಿಲ್ಲ. ಕೆನ್ನೆ ಒಳಗೆ ಸೇರಿತ್ತು. ಚೀಟಿಯ ಫೋಟೋದಲ್ಲಿದ್ದ ದುಂಡು ಮುಖದವನು ಬೇರೆ ಯಾರೋ.

“ನೋಡ್ಕೊ ಸರಿಯಾಗಿ,” ಎಂದ. “ಆಮೇಲೆ ರೂಲ್ಸು ಅನ್ಬೇಡ.”

ನಾನು ಫೋಟೋ ನೋಡಿದೆ. ಮುಖ ನೋಡಿದೆ. ‘ಮುಖ ತಾಳೆಯಾಗಿದೆ’ ಎಂದು ಬರೆದೆ. ನನ್ನ ಸೇವಾವಧಿಯಲ್ಲಿ ಅಷ್ಟು ನಿಧಾನವಾಗಿ ಬರೆದ ವಾಕ್ಯ ಇನ್ನೊಂದಿಲ್ಲ.

ಅವತ್ತೇ ಕೂತು ಆ ಮುಂಗಾರಿನ ಲೆಕ್ಕವನ್ನು ಕೊಲ್ಕತ್ತದ ಯಂತ್ರಗಳ ಮೇಲೆ ಹತ್ತಿಸಿ ಹೋದ. ಅದು ಮುಗಿಯುವ ಮೊದಲೇ ಅವನು ಮುಗಿದ.

ಚಟ್ಟಕ್ಕೆ ಹೆಗಲು ಕೊಟ್ಟು ಬಂದೆ. ಅವನ ಮನೆಯ ಜಗಲಿಯಲ್ಲಿ ಕೂತಿದ್ದಾಗ ಅವನ ಹೆಂಡತಿ ಹತ್ತಿರ ಬಂದು ಕೇಳಿದಳು: “ಅಣ್ಣ, ಅವರ ಮಳೆ ಲೆಕ್ಕ ಮುಗೀತಾ?”

“ಇಲ್ಲಮ್ಮ. ಇನ್ನೂ ಓಡ್ತಾ ಇದೆ.”

“ಓಡ್ಲಿ ಬಿಡಿ,” ಎಂದಳು.

ಮಾರನೆಯ ದಿನ ನಿರ್ದೇಶಕರು ಕರೆಸಿದರು. “ನೋಡ್ರೀ, ಬಳಕೆದಾರ ತೀರಿಕೊಂಡ್ರೆ ಪ್ರಮಾಣಪತ್ರ ಕೂಡಲೇ ರದ್ದಾಗ್ಬೇಕು. ನೀವೇ ಬರೆದ ನಿಯಮ.”

ರದ್ದು ಮಾಡಿದರೆ ಓಡುತ್ತಿರುವ ಲೆಕ್ಕಕ್ಕೆ ಕೊಟ್ಟ ಅಧಿಕಾರವೂ ಬೀಳುತ್ತದೆ, ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಅವನ ಪಾಸ್‌ವರ್ಡ್ ಅವನೊಂದಿಗೇ ಹೋಗಿದ್ದರಿಂದ ಮತ್ತೆ ಅವನ ಹೆಸರಿನಲ್ಲಿ ಯಾರೂ ಹತ್ತಿಸುವಂತಿಲ್ಲ. ನಾನು ಹೇಳಿದೆ: “ಸರ್, ಮೂಲ ದಾಖಲೆಯನ್ನು ಖುದ್ದಾಗಿ ಪರಿಶೀಲಿಸದೆ ಯಾವ ಕ್ರಮವನ್ನೂ ಕೈಗೊಳ್ಳತಕ್ಕದ್ದಲ್ಲ ಅಂತಾನೂ ನಾನೇ ಬರೆದಿದೀನಿ. ಮರಣ ಪ್ರಮಾಣಪತ್ರ ಇನ್ನೂ ನನ್ನ ಮುಂದೆ ಬಂದಿಲ್ಲ.”

“ನೀವೇ ಹೆಗಲು ಕೊಟ್ರಲ್ರೀ.”

“ಹೆಗಲು ದಾಖಲೆ ಅಲ್ಲ ಸರ್.”

ಅವರು ಕಿಟಕಿಯ ಕಡೆ ತಿರುಗಿದರು. “ಬಂದಾಗ ಮಾಡಿ,” ಎಂದರು.

ಹೀಗೆ ನನ್ನ ಗೆಳೆಯ, ನಿಯಮಾವಳಿಯ ಪ್ರಕಾರ, ಇನ್ನಷ್ಟು ದಿನ ಬದುಕಿದ್ದ. ಬೆಳಿಗ್ಗೆ ಬಂದವನೇ ಪರದೆ ನೋಡುತ್ತಿದ್ದೆ. ಅವನ ಹೆಸರು, ಎದುರಿಗೆ ‘ಚಾಲನೆಯಲ್ಲಿದೆ’ ಎಂಬ ಮಾತು. ಡಬ್ಬಿ ತೆಗೆದು ಒಬ್ಬನೇ ಉಣ್ಣುವಾಗಲೂ ಅದನ್ನು ಕಿರಿದು ಮಾಡಿ ಮೂಲೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ.

ಒಂದು ದಿನ ಬಂದಾಗ ಲೆಕ್ಕ ಮುಗಿದಿತ್ತು. ಅವನ ಮನೆಗೆ ಫೋನು ಮಾಡಿದೆ. ಮಧ್ಯಾಹ್ನವೇ ಆಕೆ ಬಂದಳು. ದಕ್ಷಿಣ ಭಾರತದ ನಕ್ಷೆಯನ್ನು ಪರದೆಯ ಮೇಲೆ ತೆರೆದೆ. ಸಣ್ಣ ಸಣ್ಣ ಚೌಕಗಳು, ಮಳೆ ಹೆಚ್ಚಾದಷ್ಟೂ ಗಾಢ ನೀಲಿ.

“ಇದ್ರಲ್ಲಿ ನಮ್ಮ ಕೆರೆ ಎಲ್ಲಿದೆ?”

“ಅಷ್ಟು ಸಣ್ಣದೆಲ್ಲ ಕಾಣಲ್ಲಮ್ಮ. ಇಡೀ ಬೆಂಗಳೂರಿಗೆ ಒಂದೇ ಚೌಕ. ಹಲಸೂರು, ಕಗ್ಗದಾಸಪುರ, ಎಲ್ಲ ಇದರೊಳಗೇ.”

ಆ ಚೌಕ ಕಪ್ಪೆನ್ನುವಷ್ಟು ನೀಲಿಯಾಗಿತ್ತು. ಆಕೆ ಅದರ ಮೇಲೆ ಬೆರಳಿಟ್ಟಳು. “ಹಂಗಾದ್ರೆ ಕೋಡಿ ಬಿದ್ದಿರುತ್ತೆ,” ಎಂದಳು.

ಆಮೇಲೆ ಬ್ಯಾಗಿನಿಂದ ಮರಣ ಪ್ರಮಾಣಪತ್ರ ತೆಗೆದು ಮೇಜಿನ ಮೇಲಿಟ್ಟಳು. ಮಡಿಕೆಗಳು ಆಗಲೇ ಸವೆದಿದ್ದವು. “ಇದು ಬಂದು ಬಹಳ ದಿನ ಆಯ್ತಣ್ಣ. ಇದನ್ನ ಕೊಟ್ರೆ ಲೆಕ್ಕ ನಿಂತೋಗುತ್ತೆ ಅಂತ ಅವರೇ ಹೇಳಿದ್ರು. ನೀವು ಫೋನ್ ಮಾಡ್ಲಿ ಅಂತ ಇಟ್ಕೊಂಡಿದ್ದೆ.”

ಆಕೆಯನ್ನು ಆಟೋ ಹತ್ತಿಸಿ ಬಂದು ಕೂತೆ. ರದ್ದತಿಗೆ ಯಂತ್ರ ಕಾರಣ ಕೇಳಿ, ಆರಿಸಿಕೊಳ್ಳಲು ಒಂದು ಪಟ್ಟಿ ತೋರಿಸಿತು. ಪಾಸ್‌ವರ್ಡ್ ಕಳವು, ಸಂಸ್ಥೆ ಬದಲಾವಣೆ, ಹೊಸ ಪ್ರಮಾಣಪತ್ರ, ಕಾರ್ಯ ಸ್ಥಗಿತ. ಸಾವು ಎಂಬುದು ಅಲ್ಲಿರಲಿಲ್ಲ. ಗ್ರಿಡ್ ಕಟ್ಟಿದವರಿಗೆ ಅದು ಹೊಳೆದಿರಲಿಲ್ಲ. ‘ಸಂಸ್ಥೆ ಬದಲಾವಣೆ’ಯನ್ನು ಆರಿಸಿದೆ.