ಅರಸಿಯ ಮೊಸರನ್ನ

ಮಂಗಯರ್ಕರಸಿ ಎಂಬ ಹೆಸರನ್ನು ನಮ್ಮ ಪಂಪ್ ಕಂಪನಿಯಲ್ಲಿ ಯಾರೂ ಪೂರ್ತಿಯಾಗಿ ಕರೆದದ್ದಿಲ್ಲ. ಎಲ್ಲರಿಗೂ ಅವಳು ಅರಸಿ ಮೇಡಂ, ನನಗೆ ಬರೀ ಅರಸಿ. ಕೊಯಮತ್ತೂರಿನ ಪೀಳಮೇಡಿನಲ್ಲಿದ್ದ ಆ ಆಫೀಸಿನಲ್ಲಿ ನಮ್ಮಿಬ್ಬರ ಮೇಜುಗಳು ಎದುರುಬದುರು. ಕಾಲೇಜುಗಳಿಗೆ ಹೋಗಿ ಹೊಸ ಹುಡುಗ ಹುಡುಗಿಯರನ್ನು ಆರಿಸಿ ತರುವುದು ಅವಳ ಕೆಲಸ, ಅವರಿಗೆ ಸಂಬಳ ಹಾಕುವುದು ನನ್ನ ಕೆಲಸ. ಅವರು ಬಿಟ್ಟುಹೋದಾಗ ಹೆಸರು ತೆಗೆಯುವವಳೂ ನಾನೇ. ಸುಳ್ಳು ಯಾಕೆ ಹೇಳಲಿ, ಆ ಎರಡನೆಯ ಕೆಲಸವೇ ನನಗೆ ಹೆಚ್ಚಾಗಿತ್ತು.

ಅರಸಿ ದಿನವೂ ಮೊಸರನ್ನ ತರುತ್ತಿದ್ದಳು. ಹಣೆಯಲ್ಲಿ ವಿಭೂತಿ, ಡಬ್ಬಿಯಲ್ಲಿ ಮೊಸರನ್ನ, ಪಕ್ಕದಲ್ಲಿ ನಿಂಬೆ ಉಪ್ಪಿನಕಾಯಿ. ಅವಳು ಯಾವ ಜನ ಎಂದು ಆಫೀಸಿನವರು ಆ ಡಬ್ಬಿ ನೋಡಿಯೇ ತೀರ್ಮಾನಿಸಿಬಿಟ್ಟಿದ್ದರು. ಅವಳು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ನನಗೆ ಮಾತ್ರ ನಿಜ ಗೊತ್ತಿತ್ತು. ನನಗೆ ಜ್ವರ ಬಂದು ಮಲಗಿದ್ದಾಗ ಉಕ್ಕಡಂನ ನಮ್ಮ ಮನೆಗೆ ನೋಡಲು ಬಂದವಳು, ನಮ್ಮಮ್ಮ ಮಾಡಿದ್ದ ದನದ ಮಾಂಸದ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡಳು.

"ಮೈಮೂನ್ ಅಕ್ಕಾ, ಆಫೀಸಲ್ಲಿ ಹೇಳ್ಬೇಡಿ."

"ಏನಂತ ಹೇಳ್ಲಿ? ಜ್ವರ ಬಂದೋಳ ಪಾಲಿನ ಸಾರು ನೀನು ಕುಡ್ದೆ ಅಂತಾನಾ?"

ನಕ್ಕಳು. ಆಮೇಲೆ ತಟ್ಟೆಯಿಂದ ತಲೆ ಎತ್ತದೆಯೇ, "ನಮ್ಮಪ್ಪ ಸಾವಿನ ಮನೇಲಿ ತಮಟೆ ಬಡೀತಿದ್ರು ಅಕ್ಕಾ," ಅಂದಳು. ಆ ಮಾತು ನಮ್ಮಿಬ್ಬರ ನಡುವೆ ಮತ್ತೆ ಯಾವತ್ತೂ ಬರಲಿಲ್ಲ.

ಆ ಹೊತ್ತಿಗೆ ನಮ್ಮ ಹಳೆಯ ಯಜಮಾನರ ಮಗ ವಿದೇಶದಲ್ಲಿ ಓದು ಮುಗಿಸಿ ಬಂದು ಕುರ್ಚಿಯಲ್ಲಿ ಕೂತ. ಇಷ್ಟು ವರ್ಷ ಊರೊಳಗಿನ ಎರಡು ದೊಡ್ಡ ಕಾಲೇಜುಗಳಿಂದಲೇ ಮಕ್ಕಳನ್ನು ತರುತ್ತಿದ್ದೀರಿ, ಎಲ್ಲ ಒಂದೇ ಅಚ್ಚಿನವರು, ಇನ್ನು ಮೇಲೆ ಎಲ್ಲ ಕಡೆಯಿಂದ, ಎಲ್ಲ ಥರದವರನ್ನೂ ತನ್ನಿ ಅಂದ. ಅರಸಿ ಬಸ್ಸು ಹತ್ತಿದಳು. ಧರ್ಮಪುರಿ, ರಾಮನಾಥಪುರ, ಕಳ್ಳಕುರಿಚಿ, ಎಲ್ಲೆಲ್ಲಿ ಸರಕಾರಿ ಕಾಲೇಜಿದೆಯೋ ಅಲ್ಲೆಲ್ಲ ಹೋದಳು. ಅಪ್ಪನ ಕೆಲಸವೇನು ಎಂದು ಅವಳು ಯಾರನ್ನೂ ಕೇಳುತ್ತಿರಲಿಲ್ಲ. "ಮನೇಲಿ ಕೆಟ್ಟುಹೋದದ್ದು ಏನನ್ನಾದ್ರೂ ನೀನೇ ರಿಪೇರಿ ಮಾಡಿದ್ದೀಯಾ? ಹೇಗೆ ಮಾಡ್ದೆ, ಹೇಳು," ಎಂದು ಶುರು ಮಾಡುತ್ತಿದ್ದಳು. ನಾಲಿಗೆ ಕಟ್ಟಿಕೊಂಡು ಕೂತ ಮಕ್ಕಳು ಆ ಒಂದು ಪ್ರಶ್ನೆಗೆ ಗಂಟೆಗಟ್ಟಲೆ ಮಾತಾಡುತ್ತಿದ್ದವು.

ಹೀಗೆ ಬಂದವರ ನಗುಮುಖದ ಫೋಟೋಗಳು ಮುಂದಿನ ಹಜಾರದ ಗೋಡೆಗೂ ಬಂದವು. ಆದರೆ ಬಂದವರು ನಿಲ್ಲಬೇಕಲ್ಲ? ಬಾಡಿಗೆಗೆ ಕೋಣೆ ಕೇಳಲು ಹೋದರೆ ಮನೆಯವರು ಮೊದಲು ಕೇಳುವುದೇ "ನೀವು ಯಾವ ಜನ?" ಅಂತ. ಕ್ಯಾಂಟೀನಿನಲ್ಲಿ ಇವರು ಬಂದು ಕೂತರೆ ಪಕ್ಕದವರಿಗೆ ತಟ್ಟನೆ ಕೈ ತೊಳೆಯುವ ನೆನಪಾಗುತ್ತಿತ್ತು. ಬಾಯಿಬಿಟ್ಟು ಯಾರೂ ಏನೂ ಅನ್ನುತ್ತಿರಲಿಲ್ಲ, ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಒಬ್ಬೊಬ್ಬರೇ "ಮನೆ ಕಡೆ ತೊಂದರೆ" ಎಂದು ಬರೆದುಕೊಟ್ಟು ಹೊರಟರು. ಗೋಡೆಯ ಮೇಲಿನ ಫೋಟೋಗಳು ಮಾತ್ರ ನಗುತ್ತಾ ಉಳಿದವು.

ಕೊನೆಗೆ ಚಿಕ್ಕ ಯಜಮಾನ ಅರಸಿಯನ್ನು ಕರೆದು ಹೇಳಿದ: "ಕರ್ಕೊಂಡು ಬರೋದೇನು ದೊಡ್ಡದಲ್ಲ ಮೇಡಂ, ಉಳಿಸ್ಕೊಳ್ಳೋದು ದೊಡ್ಡದು. ಈ ವರ್ಷದವರಲ್ಲಿ ಒಬ್ಬರಾದ್ರೂ ನಿಲ್ಲದಿದ್ರೆ ಮುಂದಿನ ವರ್ಷದಿಂದ ಹಳೇ ಕಾಲೇಜುಗಳೇ ಸಾಕು."

ಆಗ ಉಳಿದಿದ್ದವಳು ಇಲಂಜಿಯಂ ಒಬ್ಬಳೇ.

ಇಲಂಜಿಯಂ ಕಳ್ಳಕುರಿಚಿ ಕಡೆಯ ಹುಡುಗಿ. ಊರಾಚೆಯ ಕಾಲನಿಯಲ್ಲಿ ಮನೆ, ತಂದೆ ಇಲ್ಲ. ಮೋಟಾರಿನ ಸದ್ದು ಕೇಳಿಯೇ ಎಲ್ಲಿ ಸವೆದಿದೆ ಎಂದು ಹೇಳುವ ಕಿವಿ, ಆಫೀಸಿನ ಗೋಡೆ ಅದುರುವಂಥ ನಗು. ಅವಳ ತಾಯಿ ಕುಪ್ಪಾಯಿ ಮಗಳನ್ನು ಕಳಿಸುವುದೇ ಇಲ್ಲ ಎಂದು ಹಟ ಹಿಡಿದಿದ್ದಳಂತೆ. ಅರಸಿ ಆ ಮನೆಗೇ ಹೋಗಿ ಬರೀ ನೆಲದ ಮೇಲೆ ಕೂತು, ಹಗ್ಗದ ಮೇಲೆ ಒಣಗಿಸಿ ಹುರಿದ ಉಪ್ಪುಕಂಡವನ್ನು ಬೆರಳು ಚೀಪಿಕೊಂಡು ತಿಂದು, "ನಮ್ಮಮ್ಮನ ಕೈರುಚಿ," ಅಂದಿದ್ದಳಂತೆ. ಅದು ದನದ ಮಾಂಸ ಅನ್ನುವುದನ್ನು ಬೇರೆ ಹೇಳಬೇಕಿಲ್ಲ. ಕುಪ್ಪಾಯಿ ಮಗಳ ಕೈಯನ್ನು ಅರಸಿಯ ಕೈಗಿಟ್ಟು, "ನಮ್ಮೋಳು ಒಬ್ಳು ಅಲ್ಲಿದ್ದಾಳೆ ಅಂದ್ಮೇಲೆ ನಂಗಿನ್ನೇನು ಭಯ, ಕರ್ಕೊಂಡು ಹೋಗು ಮಗಳೇ," ಅಂದಳಂತೆ. ಇದನ್ನೆಲ್ಲ ನನಗೆ ಹೇಳಿದ್ದು ಇಲಂಜಿಯಂ. ಹೇಳುವಾಗ ಅವಳ ಮುಖದಲ್ಲಿ ಎಲ್ಲಿಲ್ಲದ ಧೈರ್ಯವಿತ್ತು. ಆಫೀಸಿನಲ್ಲಿ ಅರಸಿಯ ಬಾಯಿಗೆ ಬಿದ್ದಿದ್ದ ಬೀಗ ಆ ಹುಡುಗಿಗೆ ಗೊತ್ತಿರಲಿಲ್ಲ.

ಇವಳೊಬ್ಬಳನ್ನಾದರೂ ಉಳಿಸಿಕೊಳ್ಳಬೇಕೆಂದು ಅರಸಿ ಹೊಸದೊಂದು ಉಪಾಯ ಹೂಡಿದಳು. ನಮ್ಮ ಕಡೆ ಕೂಟಾಂಚೋರು ಅಂತ ಇದೆ, ಮಕ್ಕಳೆಲ್ಲ ಮನೆಮನೆಯಿಂದ ತಂದು ಒಂದೆಡೆ ಕೂಡಿ ಉಣ್ಣುವುದು. ಶುಕ್ರವಾರ ಆಫೀಸಿನಲ್ಲೂ ಹಾಗೇ ಮಾಡೋಣ, ಎಲ್ಲರೂ ಅವರವರ ಊರಿನ ಅಡುಗೆ ತರಲಿ, ಒಂದೇ ಮೇಜಿನ ಮೇಲಿಡಲಿ, ಒಬ್ಬರದನ್ನು ಒಬ್ಬರು ತಿನ್ನಲಿ ಅಂದಳು. ಉಪಾಯವೇನೋ ಚೆನ್ನಾಗಿತ್ತು. ಆದರೆ ಇಲಂಜಿಯಂ ಏನು ತಂದಾಳು ಎಂದು ಅವಳು ಯೋಚಿಸಿರಲೇ ಇಲ್ಲ ಅಂತ ಕಾಣುತ್ತದೆ. ಅಥವಾ ಹುಡುಗಿ ತನ್ನ ಹಾಗೇ ಮೊಸರನ್ನ ತಂದು ಬಚಾವಾಗುತ್ತಾಳೆ ಅಂದುಕೊಂಡಿದ್ದಳೋ ಏನೋ.

ಹುಡುಗಿ ತಾಯಿಗೆ ಹೇಳಿಕಳಿಸಿ, ಬಸ್ಸಿನಲ್ಲಿ ಬಂದ ಉಪ್ಪುಕಂಡವನ್ನು ಸಣ್ಣೀರುಳ್ಳಿ ಹಾಕಿ ಹುರಿದು, ದೊಡ್ಡ ಸ್ಟೀಲ್ ಡಬ್ಬಿಯ ತುಂಬ ತಂದಳು. ಮುಚ್ಚಳ ತೆಗೆದಾಗ ಘಮ್ಮೆಂದಿತು. ಲೆಕ್ಕಪತ್ರ ವಿಭಾಗದ ಸಬಾಪತಿ ಆಸೆಯಿಂದ ಕೈಚಾಚಿ, "ಆಹಾ, ಯಾವ ಮಾಂಸ ಇದು? ಮಟನ್ನಾ?" ಅಂದ.

"ಅಲ್ಲ ಸರ್, ದನದ್ದು. ನಮ್ಮಮ್ಮನೇ ಒಣಗಿಸಿದ್ದು."

ಸಬಾಪತಿ ಚಾಚಿದ ಕೈಯಲ್ಲೇ ನೀರಿನ ಲೋಟ ಎತ್ತಿಕೊಂಡ. ಒಬ್ಬಳಿಗೆ ಫೋನ್ ಬಂತು, ಇನ್ನೊಬ್ಬಳಿಗೆ ಹಸಿವೆ ಹೋಯಿತು. ನನಗೆ ಮೈಯೆಲ್ಲ ಉರಿದು, ಒಂದು ಹಿಡಿ ಬಾಚಿ ತಟ್ಟೆಗೆ ಹಾಕಿಕೊಂಡು ತಿಂದೆ. ಬಹಳ ರುಚಿಯಾಗಿತ್ತು. ಆದರೆ ನಾನು ತಿಂದದ್ದು ಆ ಮೇಜಿನಲ್ಲಿ ಲೆಕ್ಕಕ್ಕೇ ಬರಲಿಲ್ಲ. "ಮೈಮೂನ್ ಅಕ್ಕ ಹೇಗೂ ತಿಂತಾರೆ ಬಿಡಿ," ಎಂದು ಯಾರೋ ಅಂದೇಬಿಟ್ಟರು.

ಇಲಂಜಿಯಂ ಇವರಾರನ್ನೂ ನೋಡುತ್ತಿರಲಿಲ್ಲ. ಇಂಥದ್ದೆಲ್ಲ ಅವಳಿಗೆ ಹುಟ್ಟಿದಾಗಿನಿಂದ ಅಭ್ಯಾಸ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನೇರವಾಗಿ ಅರಸಿಯ ಮುಂದೆ ತಂದಳು.

"ಮೇಡಂ, ತಗೊಳಿ. ನಿಮಗೆ ಇಷ್ಟ ಅಂತ ಅಮ್ಮ ಜಾಸ್ತೀನೇ ಕಳ್ಸಿದ್ದಾಳೆ."

ಮೇಜಿನ ಸುತ್ತ ಇದ್ದವರೆಲ್ಲ ಅರಸಿಯ ಕಡೆ ತಿರುಗಿದರು. ತಿನ್ನೇ, ಒಂದು ತುಂಡು ಬಾಯಿಗೆ ಹಾಕ್ಕೊಳ್ಳೇ ಎಂದು ನಾನು ಒಳಗೊಳಗೇ ಕೂಗಿಕೊಂಡೆ. ಅರಸಿಯ ಕೈ ಮೇಲೆದ್ದು, ಹಣೆಯ ವಿಭೂತಿಯನ್ನು ಸುಮ್ಮನೆ ಸವರಿ, ಕೆಳಗಿಳಿಯಿತು.

"ನನಗೆಲ್ಲಿ ಇಷ್ಟ? ನಮ್ಮ ಮನೇಲಿ ಇದೆಲ್ಲ ಒಳಗೇ ತರೋಲ್ಲ, ಇಲಂಜಿಯಂ. ಬೇರೆ ಯಾರನ್ನೋ ನೆನಪು ಮಾಡ್ಕೊಂಡಿದ್ದೀಯ ನೀನು."

ಹುಡುಗಿ ಡಬ್ಬಿಗೆ ಮುಚ್ಚಳ ಹಾಕಿದಳು. ಸೋಮವಾರ ಅವಳು ಬರಲಿಲ್ಲ. ಡಬ್ಬಿ ಮಾತ್ರ ಕ್ಯಾಂಟೀನಿನ ಫ್ರಿಜ್ಜಿನಲ್ಲೇ ಉಳಿದಿತ್ತು. ಅದನ್ನು ತೊಳೆದಿಟ್ಟವಳು ಅರಸಿ. ತೊಳೆಯುತ್ತಾ ಅತ್ತಳು. ನಾನು ಸಮಾಧಾನ ಮಾಡಲಿಲ್ಲ, ನನಗೆ ಅಷ್ಟು ಸಿಟ್ಟು ಬಂದಿತ್ತು.

"ಅಕ್ಕಾ, ನನ್ ಜೊತೆ ಬನ್ನಿ. ಅವಳ ಕಾಲಿಗೆ ಬಿದ್ದಾದ್ರೂ ಕರ್ಕೊಂಡು ಬರ್ತೀನಿ."

"ಬಂದ್ಮೇಲೆ? ಆ ಮೇಜಿನ ಹತ್ರ ನಿಂತು ಹೇಳ್ತೀಯಾ, ನೀನು ಯಾರು ಅಂತ?"

"ಹೇಳ್ತೀನಿ ಅಕ್ಕಾ. ಈ ಸಲ ಹೇಳ್ತೀನಿ."

ಆ ಮಾತನ್ನು ನಂಬಿ ನಾನೂ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳು ತೊಳೆದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಯಾರೆದುರು ಏನು ಹೇಳಬೇಕೆಂದು ಬಾಯಲ್ಲೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು.

ಕಾಲನಿಯ ಕೊನೆಯ ಮನೆ. ಅಂಗಳದ ಹಗ್ಗದಲ್ಲಿ ಮಾಂಸ ಒಣಗುತ್ತಿತ್ತು. ನಮ್ಮನ್ನು ಕಂಡದ್ದೇ ಕುಪ್ಪಾಯಿ ಗಾಬರಿಯಿಂದ ಹೊರಗೆ ಓಡಿ, ಹಗ್ಗದ ಮೇಲೆ ಹಳೆಯ ಸೀರೆಯೊಂದನ್ನು ಎಳೆದು ಮುಚ್ಚಿದಳು. ಅರಸಿ ಹಿಂದಿನ ಸಲದಂತೆ ನೆಲದ ಮೇಲೆ ಕೂರಲು ಹೋದಳು.

"ಅಯ್ಯೋ, ಅಲ್ಲಿ ಕೂರ್ಬೇಡಿ ತಾಯಿ! ಬಟ್ಟೆ ಮಾಸತ್ತೆ. ಏ ಇಲಂಜಿಯಂ, ಪಕ್ಕದ ಮನೆಯಿಂದ ಕುರ್ಚಿ ತಗೊಂಬಾರೆ!"

ಹುಡುಗಿ ಕುರ್ಚಿ ತಂದಿಟ್ಟು, ಡಬ್ಬಿ ಇಸಿದುಕೊಂಡು ಒಳಗೆ ಹೋದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಕುಪ್ಪಾಯಿ ಯಾರನ್ನೋ ಓಡಿಸಿ, ಊರೊಳಗಿನ ಹೋಟೆಲಿನಿಂದ ಎಲೆಯಲ್ಲಿ ಕಟ್ಟಿಸಿದ ಇಡ್ಲಿ ತರಿಸಿದಳು. ಪೊಟ್ಟಣವನ್ನು ತಾನು ಮುಟ್ಟದೆ, ತಂದವನ ಕೈಯಿಂದಲೇ ಅರಸಿಯ ಮುಂದಿಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

"ಅವತ್ತು ಗೊತ್ತಾಗದೆ ನಿಮಗೆ ಏನೇನೋ ತಿನ್ನಿಸ್ಬಿಟ್ಟೆ ತಾಯಿ, ಮಗಳು ಬಂದು ಹೇಳಿದ್ಮೇಲೇ ತಿಳೀತು. ನೀವೂ ದೊಡ್ಡ ಮನ್ಸು ಮಾಡಿ ಏನೂ ಅನ್ಲಿಲ್ಲ. ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ. ಇದು ನಮ್ಮ ಮನೆದಲ್ಲ, ನಮ್ಮ ಕೈ ತಾಗಿಲ್ಲ. ಧೈರ್ಯವಾಗಿ ತಿನ್ನಿ."

ಅರಸಿ ಕುಪ್ಪಾಯಿಯ ಮುಖವನ್ನೇ ನೋಡುತ್ತಾ ಬಾಯಿ ತೆರೆದಳು. ದಾರಿಯಲ್ಲಿ ಹೇಳಿಕೊಂಡು ಬಂದದ್ದರಲ್ಲಿ ಒಂದಕ್ಷರವೂ ಹೊರಬರಲಿಲ್ಲ. ಕೊನೆಗೆ ತಲೆ ತಗ್ಗಿಸಿ, ಆ ಕುರ್ಚಿಯ ಮೇಲೆ ಕೂತು, ಇಡ್ಲಿ ಮುರಿದು ಬಾಯಿಗಿಟ್ಟುಕೊಂಡಳು.